ಹಳೆಯ ಫಿಲಿಪ್ಸ್ ಆಕ್ಟಿವ್ ಸ್ಪೀಕರ್: ಒಂದರಲ್ಲಿ ಬೇಸ್ ಬರ್ತಾ ಇಲ್ಲ, ಎಲ್ಲಿಂದ ಶುರು ಮಾಡಲಿ?

ಐಂಡ್‌ಹೋವನ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನಿರೋದು ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಫಿಲಿಪ್ಸ್ ಕಂಪನಿ 1891ರಲ್ಲಿ ಹುಟ್ಟಿದ ಊರು ಇದು. ಹಾಗಾಗಿ ಇಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹಳೆಯ ಫಿಲಿಪ್ಸ್ ಸಾಮಾನು ಆಗಾಗ ಕಣ್ಣಿಗೆ ಬೀಳುತ್ತದೆ. ಹಾಗೇ ಸಿಕ್ಕಿದ್ದು 22ಆರ್‌ಎಚ್544 ಜೋಡಿ. 1970ರ ದಶಕದ್ದು. ಹೊರಗಿನಿಂದ ಆಂಪ್ಲಿಫೈಯರ್ ಬೇಡ, ಒಂದೊಂದು ಪೆಟ್ಟಿಗೆಯಲ್ಲೂ ಎರಡೆರಡು ಇವೆ. ಬೇಸ್ ನುಡಿಸುವ ವೂಫರ್‌ಗೆ 40 ವ್ಯಾಟ್, ನಡುವಿನ ಸ್ವರದ ಮಿಡ್ ಮತ್ತು ಮೇಲಿನ ಸ್ವರದ ಟ್ವೀಟರ್‌ಗೆ ಸೇರಿ 20 ವ್ಯಾಟ್.

ಒಂದು ಸ್ಪೀಕರ್ ಸೊಗಸಾಗಿದೆ. ಇನ್ನೊಂದರಲ್ಲಿ ಹಾಡುವವರ ಧ್ವನಿ, ತಾಳ ಎಲ್ಲ ಕೇಳುತ್ತದೆ, ಆದರೆ ಬೇಸ್ ಸೊನ್ನೆ. ಕಿವಿ ಹತ್ತಿರ ಇಟ್ಟರೆ ಸಣ್ಣ ಹಮ್ಮಿಂಗ್ ಕೂಡ ಇದೆ. ಎಡ ಬಲ ಕೇಬಲ್ ಅದಲು ಬದಲು ಮಾಡಿ ನೋಡಿದೆ. ತೊಂದರೆ ಅದೇ ಪೆಟ್ಟಿಗೆಯಲ್ಲೇ ಉಳಿಯಿತು.

ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಸೋಲ್ಡರಿಂಗ್ ಐರನ್ ಇದೆ. ಕಿಟ್ ಜೋಡಿಸಿದ್ದೇನೆ, ರಿಪೇರಿ ಮಾಡಿದ್ದಿಲ್ಲ. ಆಸಿಲೋಸ್ಕೋಪ್ ಇಲ್ಲ. ಎಲ್ಲಿಂದ ಶುರು ಮಾಡಲಿ?

ರೀಕ್ಯಾಪ್_ಪ್ರಿಯ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನಲವತ್ತೈದು ವರ್ಷ ದಾಟಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಯಾವುದನ್ನೂ ನಂಬೋ ಹಾಗಿಲ್ಲ. ಒಳಗಿನ ದ್ರವ ಒಣಗಿರುತ್ತದೆ, ಇಎಸ್ಆರ್ (ಒಳಗಿನ ರೆಸಿಸ್ಟೆನ್ಸ್) ಏರಿರುತ್ತದೆ. ಪಟ್ಟಿ ಮಾಡಿ, ಎಲ್ಲ ಹೊಸದು ತರಿಸಿ, ಎರಡೂ ಪೆಟ್ಟಿಗೆಯಲ್ಲಿ ಒಂದೇ ಸಲ ಬದಲಾಯಿಸಿ. ಹಮ್ಮಿಂಗ್ ಇದೆ ಅಂತ ನೀವೇ ಹೇಳಿದ್ದೀರಲ್ಲ, ಅಲ್ಲೇ ಉತ್ತರ ಇದೆ.

ಬೆಸುಗೆರಾಯ

ಸ್ವಲ್ಪ ತಡೀರಿ. ಒಳ್ಳೆಯ ಸ್ಪೀಕರ್‌ಗೆ ಈಗಲೇ ಯಾಕೆ ಕೈ ಹಾಕಬೇಕು? ನಿಮಗಿರುವ ಅತಿ ದೊಡ್ಡ ಅನುಕೂಲವೇ ಅದು. ಅದೇ ಬೋರ್ಡ್, ಅದೇ ಬಿಡಿಭಾಗ, ಸರಿಯಾಗಿ ಕೆಲಸ ಮಾಡುತ್ತಿದೆ. ಯಾವ ಜಾಗದಲ್ಲಿ ಎಷ್ಟು ವೋಲ್ಟ್ ಇರಬೇಕು ಅನ್ನೋದಕ್ಕೆ ಅದನ್ನೇ ಕೇಳಿ. ಕೆಟ್ಟದ್ದರಲ್ಲಿ ಅಳೆಯಿರಿ, ಒಳ್ಳೆಯದರಲ್ಲಿ ಅದೇ ಜಾಗ ಅಳೆಯಿರಿ. ಎಲ್ಲಿ ಎರಡೂ ಬೇರೆಯಾಗುತ್ತವೋ ಅಲ್ಲಿ ನಿಲ್ಲಿ.

ಹೊಸಬರು ಎಲ್ಲ ಕೆಪಾಸಿಟರ್ ಒಟ್ಟಿಗೆ ಬದಲಾಯಿಸಿದರೆ ಏನಾಗುತ್ತದೆ ಗೊತ್ತಾ? ಒಂದು ತಿರುಗಾಮುರುಗಾ ಕೂತಿರುತ್ತದೆ, ಇನ್ನೆಲ್ಲೋ ತಾಮ್ರದ ಪ್ಯಾಡ್ ಎದ್ದಿರುತ್ತದೆ. ಆ ಕಾಲದ ಕಂದು ಬಣ್ಣದ ಬೋರ್ಡ್‌ಗಳು ಜಾಸ್ತಿ ಬಿಸಿ ತಡೆಯೋದಿಲ್ಲ. ಆಮೇಲೆ ಹಳೆಯ ಫಾಲ್ಟ್ ಯಾವುದು, ನೀವು ಮಾಡಿದ ಹೊಸ ಫಾಲ್ಟ್ ಯಾವುದು ಅಂತ ಬ್ರಹ್ಮನಿಗೂ ತಿಳಿಯೋದಿಲ್ಲ.

ತೆರೆಯುವ ಮೊದಲು ಸೀರೀಸ್ ಬಲ್ಬ್ ಮಾಡಿಕೊಳ್ಳಿ. ಮೇನ್ಸ್‌ನ ಒಂದು ತಂತಿಗೆ 60 ವ್ಯಾಟಿನ ಹಳೇ ಕಾಲದ ಬಲ್ಬ್ ಸೀರೀಸ್‌ನಲ್ಲಿ. ಸ್ವಿಚ್ ಹಾಕಿದಾಗ ಒಮ್ಮೆ ಬೆಳಗಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಶಾರ್ಟ್ ಇಲ್ಲ ಅಂತ ಖಚಿತವಾದ ಮೇಲೆ ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟೇ ಅಳೆಯಿರಿ. ಬಲ್ಬ್ ಇದ್ದಾಗ ಒಳಗಿನ ವೋಲ್ಟೇಜ್ ಕಡಿಮೆ ಇರುತ್ತದೆ.

ಐಂಡ್‌ಹೋವನ್_ಕನ್ನಡಿಗ

ಸರ್, ಇಲ್ಲಿ ಆ ಬಲ್ಬ್ ಸಿಗೋದೇ ಕಷ್ಟ. ಯುರೋಪಿನಲ್ಲಿ 2012ರ ಹೊತ್ತಿಗೇ ಮಾರಾಟ ನಿಲ್ಲಿಸಿದರು. ಎಲ್‌ಇಡಿ ಹಾಕಬಹುದಾ?

ಬೆಸುಗೆರಾಯ

ಎಲ್‌ಇಡಿ ಆಗೋದಿಲ್ಲ. ಬಿಸಿಯಾದಂತೆ ರೆಸಿಸ್ಟೆನ್ಸ್ ಏರುವ ತಂತಿಯೇ ಬೇಕು. ಅಡುಗೆ ಓವನ್ ಒಳಗೆ ಹಾಕುವ 40 ವ್ಯಾಟ್ ಬಲ್ಬ್ ಕೇಳಿ ನೋಡಿ, ಅದಕ್ಕೆ ನಿಷೇಧ ಇಲ್ಲ. ನಿಮ್ಮ ಸ್ಪೀಕರ್‌ಗೆ ಅಷ್ಟು ಸಾಕು.

ಹುಬ್ಳಿ_ಹೈಫೈ

ಆಹಾ, ಎಂಎಫ್‌ಬಿ ಸ್ಪೀಕರ್ರಾ! ಇದು ಬರೀ ಆಕ್ಟಿವ್ ಸ್ಪೀಕರ್ ಅಲ್ಲ ರೀ, ಮೋಷನಲ್ ಫೀಡ್‌ಬ್ಯಾಕ್. ಬಿಚ್ಚುವ ಮೊದಲು ಇದರ ಒಳಗುಟ್ಟು ತಿಳಿದುಕೊಳ್ಳಿ.

ವೂಫರ್ ನಡುವಿನ ಮುಚ್ಚಳದ ಹಿಂದೆ ಒಂದು ಪೀಜೋ ಸೆನ್ಸರ್ (ಒತ್ತಡ ಬಿದ್ದರೆ ವೋಲ್ಟೇಜ್ ಕೊಡುವ ತುಣುಕು) ಕೂತಿದೆ. ಕೋನ್ ಅಲುಗಾಡಿದಾಗ ಅದರ ವೇಗ ಎಷ್ಟು ಬೇಗ ಬದಲಾಗುತ್ತಿದೆ ಅನ್ನೋದನ್ನ, ಅಂದರೆ ವೇಗೋತ್ಕರ್ಷವನ್ನ, ಅದು ವೋಲ್ಟೇಜ್ ಆಗಿ ಕೊಡುತ್ತದೆ. ಕೇಳುವ ಶಬ್ದದ ಒತ್ತಡವೂ ಕೋನಿನ ವೇಗೋತ್ಕರ್ಷಕ್ಕೇ ಅನುಗುಣವಾಗಿರುತ್ತದೆ. ಹಾಗಾಗಿ ಅದನ್ನೇ ಅಳೆಯುತ್ತಾರೆ. ಒಳಗೆ ಬಂದ ಸಿಗ್ನಲ್ ಜೊತೆ ಸೆನ್ಸರ್ ಸಿಗ್ನಲ್ ಹೋಲಿಸಿ, ವ್ಯತ್ಯಾಸ ಎಷ್ಟಿದೆಯೋ ಅಷ್ಟನ್ನು ಆಂಪ್ಲಿಫೈಯರ್ ತಿದ್ದುತ್ತದೆ. ಫಿಲಿಪ್ಸ್ ಸಂಶೋಧಕರು 1968ರಲ್ಲೇ ಈ ಬಗ್ಗೆ ಬರೆದಿದ್ದರು. ಇಷ್ಟು ಪುಟ್ಟ ಪೆಟ್ಟಿಗೆಯಿಂದ ಅಷ್ಟು ಆಳದ ಬೇಸ್ ಬರೋದು ಇದರಿಂದಲೇ.

ಇದರಿಂದ ರಿಪೇರಿಗೆ ಎರಡು ಅಪಾಯ. ವೂಫರ್ ತಂತಿ ಬಿಚ್ಚಿ ಮತ್ತೆ ಹಾಕುವಾಗ ಪ್ಲಸ್ ಮೈನಸ್ ತಿರುಗಿಸಿದರೆ ಮುಗೀತು. ತಿದ್ದಬೇಕಾದ ಫೀಡ್‌ಬ್ಯಾಕ್ ತಪ್ಪನ್ನೇ ಹೆಚ್ಚಿಸುತ್ತ ಹೋಗುತ್ತದೆ, ವೂಫರ್ ಜೋರಾಗಿ ಕೂಗಿ ಸುಟ್ಟೇ ಹೋಗಬಹುದು. ಎರಡನೆಯದು, ಸೆನ್ಸರ್ ತಂತಿ ಬಿಚ್ಚಿಟ್ಟು ಹಾಡು ಹಾಕಬೇಡಿ. ಕಡಿವಾಣ ಹಾಕೋರು ಇಲ್ಲದೆ ಬೇಸ್ ಗೇನ್ ಏರಿಬಿಡುತ್ತದೆ. ಪ್ರತಿ ತಂತಿಗೂ ಚೀಟಿ ಅಂಟಿಸಿ, ಫೋಟೋ ತೆಗೆಯಿರಿ. ನಡುವಿನ ಮುಚ್ಚಳವನ್ನು ಒತ್ತಬೇಡಿ.

ಮಲ್ನಾಡ್_ಮೈಕ್‌ಸೆಟ್

ಮಧ್ಯೆ ಬಾಯಿ ಹಾಕ್ತಾ ಇದ್ದೇನೆ, ಕ್ಷಮಿಸಿ. ನನ್ನ ಹತ್ತಿರ ಟಿಡಿಎ2030 ಐಸಿ ಇರುವ ಹಳೆಯ 2.1 ಸೆಟ್ (ಎರಡು ಸ್ಪೀಕರ್, ಒಂದು ಸಬ್‌ವೂಫರ್) ಇದೆ. ಅದರಲ್ಲೂ ಬೇಸ್ ಸತ್ತಿದೆ. ಇದೇ ದಾರಿ ಹಿಡೀಬಹುದಾ?

ಎಸ್‌ಪಿರೋಡ್_ಅಲೆಮಾರಿ

ನಿಮ್ಮದು ಸುಲಭ ಕಣ್ರೀ. ಸಬ್‌ವೂಫರ್ ಐಸಿಯ 5ನೇ ಕಾಲಲ್ಲಿ ಪ್ಲಸ್ ಸಪ್ಲೈ, 3ನೇ ಕಾಲಲ್ಲಿ ಮೈನಸ್ ಅಥವಾ ಗ್ರೌಂಡ್, 4ನೇ ಕಾಲು ಔಟ್‌ಪುಟ್. ಎರಡು ಸಪ್ಲೈ ಇರುವ ಬೋರ್ಡ್ ಆದರೆ 4ರಲ್ಲಿ ಸೊನ್ನೆ ಹತ್ತಿರ ಇರಬೇಕು. ಒಂದೇ ಸಪ್ಲೈ ಆದರೆ ಅದರ ಅರ್ಧ. 4ನೇ ಕಾಲು ಯಾವುದೋ ಒಂದು ಸಪ್ಲೈಗೆ ಅಂಟಿಕೊಂಡಿದ್ದರೆ ಐಸಿ ಹೋಗಿದೆ ಅಂತ ಸಾಮಾನ್ಯವಾಗಿ ಹೇಳಬಹುದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಲ್ಲಿ ತಗೊಳ್ಳುವಾಗ ಮಾತ್ರ ಜೋಪಾನ. ತೀರಾ ಅಗ್ಗಕ್ಕೆ ಕೊಡುವ ಐಸಿಗಳಲ್ಲಿ ಡೂಪ್ಲಿಕೇಟ್ ಜಾಸ್ತಿ. ಒಂದು ಅಂಗಡಿಯಲ್ಲಿ ನಾನು ತಂದಿದ್ದರ ಮೇಲಿನ ಅಕ್ಷರ ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಉಜ್ಜಿದ ತಕ್ಷಣ ಅಳಿಸಿಹೋಯಿತು.

ಹೆಚ್ಚಿನದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲೇ ಬರುತ್ತೇನೆ.

ಐಂಡ್‌ಹೋವನ್_ಕನ್ನಡಿಗ

ಓವನ್ ಬಲ್ಬ್ ಸಿಕ್ಕಿತು. ಸ್ಪೀಕರ್ ಹಚ್ಚಿದಾಗ ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು. ಆದರೆ ಒಳಗಿನ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಕ್ಲಿಕ್ ಅನ್ನಲೇ ಇಲ್ಲ. ಇದು ಹೊಸ ತೊಂದರೆಯಾ?

ಹುಬ್ಳಿ_ಹೈಫೈ

ಅಲ್ಲ. ಈ ಸ್ಪೀಕರ್ ಸಿಗ್ನಲ್ ಬಂದರೆ ತಾನೇ ಎದ್ದೇಳುತ್ತದೆ, ಸಿಗ್ನಲ್ ನಿಂತು ಕೆಲವು ನಿಮಿಷವಾದರೆ ತಾನೇ ಮಲಗುತ್ತದೆ. ಹಾಡು ಹಾಕಿ ನೋಡಿ. ಬಲ್ಬ್ ಇದ್ದಾಗ ವೋಲ್ಟೇಜ್ ಕಡಿಮೆ ಇದ್ದು ರಿಲೇ ಎಳೆಯದೇ ಇರಲೂಬಹುದು. ಬಲ್ಬ್ ತೆಗೆದು ಸಿಗ್ನಲ್ ಕೊಟ್ಟರೂ ಬರದಿದ್ದರೆ ಆಗ ಯೋಚನೆ ಮಾಡೋಣ.

ಐಂಡ್‌ಹೋವನ್_ಕನ್ನಡಿಗ

ಹೌದು, ಬಲ್ಬ್ ತೆಗೆದು ಹಾಡು ಹಾಕಿದ ತಕ್ಷಣ ಕ್ಲಿಕ್ ಅಂದಿತು. ಧನ್ಯವಾದ. ಹಿಂದಿನ ಆಂಪ್ಲಿಫೈಯರ್ ಭಾಗ ಹೊರಗೆ ತೆಗೆದಿದ್ದೇನೆ. ಎಲ್ಲಿಂದ ಅಳೆಯಲಿ?

ಬೆಸುಗೆರಾಯ

ಅಳೆಯೋದಕ್ಕೂ ಮೊದಲು ಕೈ ಕಾಪಾಡಿಕೊಳ್ಳಿ. ಪ್ಲಗ್ ಕಿತ್ತ ಮೇಲೂ ಸಪ್ಲೈಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡೋ ಕೆಟ್ಟ ಚಾಳಿ ನಮ್ಮಲ್ಲಿ ಎಷ್ಟೋ ಮೆಕ್ಯಾನಿಕ್‌ಗಳಿಗಿದೆ, ಅದು ಬೇಡ. 470 ಓಮ್, 5 ವ್ಯಾಟ್ ರೆಸಿಸ್ಟರ್ ಅನ್ನು ಇನ್ಸುಲೇಟೆಡ್ ಕ್ಲಿಪ್‌ನಲ್ಲಿ ಹಿಡಿದು ಅಡ್ಡ ಇಡಿ. 4700 ಮೈಕ್ರೋಫ್ಯಾರಡ್ ಇದ್ದರೆ ಹತ್ತು ಹನ್ನೆರಡು ಸೆಕೆಂಡಲ್ಲಿ ಖಾಲಿಯಾಗುತ್ತದೆ. ಆಮೇಲೂ ಮೀಟರ್ ಇಟ್ಟು ನೋಡಿಯೇ ಮುಟ್ಟಿ. ಮೇನ್ಸ್ ಬರುವ ಕಡೆ, ಅಂದರೆ ಫ್ಯೂಸ್, ಸ್ವಿಚ್, ಟ್ರಾನ್ಸ್‌ಫಾರ್ಮರ್ ಪ್ರೈಮರಿ, ಇವುಗಳ ಮೇಲೆ ಟೇಪ್ ಅಥವಾ ದಪ್ಪ ಪ್ಲಾಸ್ಟಿಕ್ ಮುಚ್ಚಿ. ಮೀಟರ್‌ನ ಕಪ್ಪು ತಂತಿಯನ್ನು ಆಫ್ ಇದ್ದಾಗಲೇ ಗ್ರೌಂಡಿಗೆ ಕ್ಲಿಪ್ ಮಾಡಿ, ಕೆಂಪು ತಂತಿ ಒಂದು ಕೈಯಲ್ಲಿ, ಇನ್ನೊಂದು ಕೈ ಜೇಬಲ್ಲಿ.

ಈಗ ಅಳತೆ. ಫ್ಯೂಸ್‌ಗಳನ್ನು ಕಣ್ಣಲ್ಲಿ ನೋಡಿ ಬಿಡಬೇಡಿ, ಆಫ್ ಮಾಡಿ ಮೀಟರ್‌ನಲ್ಲಿ ನೋಡಿ. ಆಮೇಲೆ ಆನ್ ಮಾಡಿ ಸಪ್ಲೈ ಡಿಸಿ ವೋಲ್ಟೇಜ್, ಎರಡೂ ಪೆಟ್ಟಿಗೆಯಲ್ಲಿ. ಅದೇ ಜಾಗದಲ್ಲಿ ಮೀಟರ್ ಎಸಿಗೆ ತಿರುಗಿಸಿದರೆ ರಿಪಲ್ (ಡಿಸಿ ಮೇಲೆ ಉಳಿದ ಏರಿಳಿತ) ಸಿಗುತ್ತದೆ. ವೂಫರ್ ಎರಡು ತುದಿಗೆ ಡಿಸಿ ಎಷ್ಟು ಅಂತ ನೋಡಿ. ಹತ್ತಾರು ಮಿಲಿವೋಲ್ಟ್ ಆದರೆ ಚಿಂತೆ ಇಲ್ಲ, ವೋಲ್ಟ್‌ಗಳಲ್ಲಿ ಇದ್ದರೆ ಔಟ್‌ಪುಟ್ ಹೋಗಿದೆ. ಕೊನೆಗೆ ವೂಫರ್ ಕಾಯಿಲ್. ಪ್ಲಗ್ ಕಿತ್ತು, ಒಂದು ತಂತಿ ಬಿಚ್ಚಿ, ಓಮ್ಸ್‌ನಲ್ಲಿ ಒಳ್ಳೆಯದರ ಜೊತೆ ಹೋಲಿಸಿ.

ಐಂಡ್‌ಹೋವನ್_ಕನ್ನಡಿಗ

ಫಲಿತಾಂಶ ಇಲ್ಲಿದೆ. ಫ್ಯೂಸ್ ಎಲ್ಲ ಸರಿ. ಸಪ್ಲೈ ಡಿಸಿ ಎರಡರಲ್ಲೂ ಹತ್ತಿರ ಹತ್ತಿರ ಒಂದೇ. ರಿಪಲ್ ಮಾತ್ರ ಒಳ್ಳೆಯದರಲ್ಲಿ 60 ಮಿಲಿವೋಲ್ಟ್, ಕೆಟ್ಟದ್ದರಲ್ಲಿ 700! ವೂಫರ್ ತುದಿಗಳಲ್ಲಿ ಡಿಸಿ ಎರಡರಲ್ಲೂ 20 ಮಿಲಿವೋಲ್ಟ್ ಒಳಗೆ. ಕಾಯಿಲ್ ಎರಡೂ ಒಂದೇ ಓಮ್ಸ್.

ರೀಕ್ಯಾಪ್_ಪ್ರಿಯ

ನಾನು ಹೇಳಲಿಲ್ವಾ? ಫಿಲ್ಟರ್ ಕೆಪಾಸಿಟರ್ ಒಣಗಿ ಹೋಗಿದೆ. ಆರ್ಡರ್ ಮಾಡಿ.

ಬೆಸುಗೆರಾಯ

ಹಮ್ಮಿಂಗ್ ಮಟ್ಟಿಗೆ ನೀವು ಹೇಳಿದ್ದು ಸರಿ. ಆ ಕೆಪಾಸಿಟರ್ ಬದಲಾಗಲೇಬೇಕು. ಆದರೆ ರಿಪಲ್ ಜಾಸ್ತಿಯಾದರೆ ಗುಂಯ್ ಅನ್ನುತ್ತದೆ, ಬೇಸ್ ಪೂರ್ತಿ ಮಾಯ ಆಗೋದಿಲ್ಲ. ಇಲ್ಲಿ ಎರಡು ಬೇರೆ ಬೇರೆ ಫಾಲ್ಟ್ ಇವೆ.

ಈಗ ಹುಬ್ಳಿಯವರು ಹೇಳಿದ ಫೀಡ್‌ಬ್ಯಾಕನ್ನೇ ಉಪಯೋಗಿಸೋಣ. ಹಾಡು ಹಾಕಿ ಸ್ಪೀಕರ್ ಎಚ್ಚರಗೊಳಿಸಿ, ನಿಲ್ಲಿಸಿ. ಅದು ಮಲಗುವ ಮೊದಲು ಮೀಟರನ್ನು ಎಸಿಯಲ್ಲಿ ವೂಫರ್ ತುದಿಗೆ ಇಟ್ಟು, ಕೋನಿನ ಅಂಚಿನ ಕಡೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಸೆನ್ಸರ್ ಕೆಲಸ ಮಾಡುತ್ತಿದ್ದರೆ, ಆಂಪ್ಲಿಫೈಯರ್ ಜೀವಂತವಾಗಿದ್ದರೆ, ನೀವು ಮಾಡಿದ ಅಲುಗಾಟವನ್ನು ತಡೆಯೋಕೆ ಅದು ವೋಲ್ಟೇಜ್ ಕೊಡುತ್ತದೆ. ಮೀಟರ್ ಜಿಗಿಯುತ್ತದೆ.

ಓಮ್_ನಿಯಮ

ಈ ಪರೀಕ್ಷೆಯಲ್ಲಿ ಒಂದು ತೊಡಕಿದೆ ಸರ್. ಕೋನ್ ತಟ್ಟಿದರೆ ಕಾಯಿಲ್ ಆಯಸ್ಕಾಂತದೊಳಗೆ ಚಲಿಸಿ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ, ಮೈಕಿನ ಹಾಗೆ. ಆಂಪ್ಲಿಫೈಯರ್ ಸತ್ತಿದ್ದರೂ ಮೀಟರ್ ಅಲ್ಲಾಡುತ್ತದೆ. ಅದನ್ನು ನೋಡಿ ಹೊಸಬರು ಮೋಸ ಹೋಗುತ್ತಾರೆ.

ಬೆಸುಗೆರಾಯ

ಸರಿಯಾದ ಮಾತು. ಹಾಗಾದರೆ ಪ್ಲಗ್ ಕಿತ್ತು ಒಮ್ಮೆ ತಟ್ಟಿ, ಆನ್ ಇದ್ದಾಗ ಒಮ್ಮೆ ತಟ್ಟಿ. ಎರಡೂ ಪೆಟ್ಟಿಗೆಯಲ್ಲಿ ಹೋಲಿಸಿ. ಬೆರಳಿಗೂ ಗೊತ್ತಾಗಬೇಕು. ಫೀಡ್‌ಬ್ಯಾಕ್ ಇದ್ದಾಗ ಕೋನ್ ಗಟ್ಟಿ ಅನಿಸುತ್ತದೆ.

ಐಂಡ್‌ಹೋವನ್_ಕನ್ನಡಿಗ

ಎಂಥಾ ಪರೀಕ್ಷೆ ಸರ್ ಇದು! ಪ್ಲಗ್ ಕಿತ್ತಾಗ ಮೀಟರ್ ಸ್ವಲ್ಪ ಅಲ್ಲಾಡುತ್ತದೆ ಅಷ್ಟೇ. ಆನ್ ಮಾಡಿದಾಗ ಜೋರಾಗಿ ಜಿಗಿಯುತ್ತದೆ, ಕೋನ್ ಕೂಡ ಬೆರಳನ್ನು ವಾಪಸ್ ತಳ್ಳಿದ ಹಾಗೆ ಅನಿಸುತ್ತದೆ. ಒಳ್ಳೆಯದರಲ್ಲೂ ಹಾಗೇ, ಕೆಟ್ಟದ್ದರಲ್ಲೂ ಹಾಗೇ. ಹಾಗಾದರೆ ಕೆಟ್ಟಿದ್ದು ಏನು?

ಬೆಸುಗೆರಾಯ

ಕೆಟ್ಟಿದ್ದು ಏನು ಅನ್ನೋದು ಬಿಡಿ, ಏನೇನು ಕೆಟ್ಟಿಲ್ಲ ನೋಡಿ. ಸೆನ್ಸರ್ ಸರಿ ಇದೆ. ಅದರ ಪುಟ್ಟ ಪ್ರಿಆಂಪ್ ಸರಿ ಇದೆ. ಪವರ್ ಆಂಪ್ಲಿಫೈಯರ್ ಸರಿ ಇದೆ. ವೂಫರ್ ಸರಿ ಇದೆ. ಒಂದು ತಟ್ಟಿನಲ್ಲಿ ಬೋರ್ಡಿನ ಅರ್ಧಕ್ಕಿಂತ ಜಾಸ್ತಿ ಭಾಗ ನಿರ್ದೋಷಿ ಅಂತಾಯಿತು. ಔಟ್‌ಪುಟ್ ಟ್ರಾನ್ಸಿಸ್ಟರ್ ಹುಡುಕಿಕೊಂಡು ಅಲೆಯೋದು ತಪ್ಪಿತು. ನಿಮ್ಮ ಸಿಗ್ನಲ್ ಸೆನ್ಸರ್ ಸಿಗ್ನಲ್ ಜೊತೆ ಸೇರುವ ಜಾಗಕ್ಕಿಂತ ಮೊದಲೇ ಎಲ್ಲೋ ಕಡಿದಿದೆ.

ಫೋನಿನಲ್ಲಿ ಟೋನ್ ಜನರೇಟರ್ ಆಪ್ ಹಾಕಿ 100 ಹರ್ಟ್ಸ್ ಕೊಡಿ. ಅಗ್ಗದ ಮೀಟರ್‌ಗಳು 400 ಹರ್ಟ್ಸ್ ತನಕ ಎಸಿ ಸರಿಯಾಗಿ ತೋರಿಸುತ್ತವೆ, ಸ್ಕೋಪ್ ಬೇಕಿಲ್ಲ. ಸಿಗ್ನಲ್ ಒಳಗೆ ಬರುವ ದುಂಡನೆಯ ಡಿನ್ ಪ್ಲಗ್‌ನಲ್ಲಿ ನಡುವಿನ 2ನೇ ಪಿನ್ ಗ್ರೌಂಡ್. ಅಲ್ಲಿಂದ ಹೊರಟು ಸಿಗ್ನಲ್ ಹಿಂದೆ ಹಿಂದೆ ಹೋಗಿ. ಎರಡೂ ಪೆಟ್ಟಿಗೆಯಲ್ಲಿ ಅದೇ ಜಾಗ, ಅದೇ ಫೋನ್ ವಾಲ್ಯೂಮ್.

ಓಮ್_ನಿಯಮ

ಫೋನ್ ವಾಲ್ಯೂಮ್ ಕಡಿಮೆ ಇರಲಿ. 30 ಹರ್ಟ್ಸ್, 40 ಹರ್ಟ್ಸ್ ಕೊಡಬೇಡಿ. ಅಷ್ಟೇ ಶಬ್ದಕ್ಕೆ ಫ್ರೀಕ್ವೆನ್ಸಿ ಅರ್ಧವಾದರೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ಈ ಸ್ಪೀಕರ್ ಅದನ್ನು ಮಾಡೋಕೆ ನಿಜವಾಗಿಯೂ ಹೊರಡುತ್ತದೆ, ಅದೇ ಸಮಸ್ಯೆ.

ರೀಕ್ಯಾಪ್_ಪ್ರಿಯ

ಸಿಗ್ನಲ್ ದಾರಿಯಲ್ಲಿ ಯಾವುದೋ ಕಪ್ಲಿಂಗ್ ಕೆಪಾಸಿಟರ್ (ಸಿಗ್ನಲ್ ದಾಟಿಸಿ ಡಿಸಿ ತಡೆಯುವಂಥದ್ದು) ಓಪನ್ ಆಗಿರುತ್ತದೆ ನೋಡಿ. ಬೇಕಾದರೆ ಪಂದ್ಯ ಕಟ್ಟುತ್ತೇನೆ.

ಐಂಡ್‌ಹೋವನ್_ಕನ್ನಡಿಗ

ಸಿಕ್ಕಿತು! ಪಂದ್ಯ ಕಟ್ಟಿದವರಿಗೆ ಬೇಜಾರಾಗಬಹುದು. ಮೊದಲ ಬೋರ್ಡ್‌ನಿಂದ ಹೊರಡುವ ತನಕ ಎರಡರಲ್ಲೂ ಮಿಲಿವೋಲ್ಟ್ ಒಂದೇ. ಕೆಪಾಸಿಟರ್ ಆಚೆ ಈಚೆ ಎರಡೂ ಕಡೆ ಸಿಗ್ನಲ್ ಇದೆ. ತಂತಿ ಕನೆಕ್ಟರ್ ಮೂಲಕ ಮುಂದಿನ ಭಾಗಕ್ಕೆ ಬಂದಾಗ ಒಳ್ಳೆಯದರಲ್ಲಿ ಹಾಗೇ ಇದೆ, ಕೆಟ್ಟದ್ದರಲ್ಲಿ ಹೆಚ್ಚು ಕಡಿಮೆ ಸೊನ್ನೆ. ಕನೆಕ್ಟರ್ ಪಿನ್ನನ್ನು ಐಸ್‌ಕ್ರೀಂ ಕಡ್ಡಿಯಿಂದ ಒತ್ತಿದೆ. ಧಡ್ ಅಂತ ಬೇಸ್ ಬಂತು, ಬಿಟ್ಟರೆ ಹೋಯಿತು. ಭೂತಗನ್ನಡಿಯಲ್ಲಿ ನೋಡಿದರೆ ಪಿನ್ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ಉಂಗುರದ ಬಿರುಕು.

ಎಸ್‌ಪಿರೋಡ್_ಅಲೆಮಾರಿ

ಡ್ರೈ ಸೋಲ್ಡರ್! ವೂಫರ್ ಪೆಟ್ಟಿಗೆಯೊಳಗೇ ಬೋರ್ಡ್ ಇಟ್ಟರೆ ವರ್ಷಗಟ್ಟಲೆ ನಡುಗಿ ನಡುಗಿ ಹೀಗಾಗುತ್ತದೆ. ಆಕ್ಟಿವ್ ಸ್ಪೀಕರ್‌ಗಳಲ್ಲಿ ಮೊದಲು ನೋಡಬೇಕಾದದ್ದೇ ಕನೆಕ್ಟರ್ ಪಿನ್, ಭಾರದ ಬಿಡಿಭಾಗಗಳ ಕಾಲು, ಬಿಸಿಯಾಗುವ ರೆಸಿಸ್ಟರ್‌ಗಳ ಕಾಲು.

ಸುಮ್ನೆ ಮೇಲಿಂದ ಐರನ್ ಮುಟ್ಟಿಸಿ ಬಿಡಬೇಡಿ. ಹಳೆಯ ಬೆಸುಗೆಯನ್ನು ವಿಕ್‌ನಿಂದ (ಬೆಸುಗೆ ಹೀರುವ ತಾಮ್ರದ ಜಡೆ) ತೆಗೆಯಿರಿ, ಪಿನ್ ಕಪ್ಪಾಗಿದ್ದರೆ ಮೆಲ್ಲಗೆ ಕೆರೆದು ಹೊಳಪು ಬರಿಸಿ, ಫ್ಲಕ್ಸ್ ಹಚ್ಚಿ, 60/40 ಸೀಸದ ಸೋಲ್ಡರ್ ಹಾಕಿ. ಐರನ್ 350 ಡಿಗ್ರಿ ಆಸುಪಾಸು, ಎರಡು ಮೂರು ಸೆಕೆಂಡ್ ಸಾಕು. ಆ ಕನೆಕ್ಟರ್‌ನ ಉಳಿದ ಪಿನ್‌ಗಳಿಗೂ ಮಾಡಿಬಿಡಿ, ಅವೂ ಅಷ್ಟೇ ನಡುಗಿವೆ. ಕಿಟಕಿ ತೆರೆದಿಡಿ, ಮುಗಿದ ಮೇಲೆ ಕೈ ತೊಳೆಯಿರಿ.

ಐಂಡ್‌ಹೋವನ್_ಕನ್ನಡಿಗ

ಆಯಿತು. ಬೇಸ್ ಬಂತು, ಒತ್ತಿದರೂ ತಟ್ಟಿದರೂ ಹೋಗುತ್ತಿಲ್ಲ. ಇನ್ನು ಫಿಲ್ಟರ್ ಕೆಪಾಸಿಟರ್. ಹಳೆಯದು ಎರಡು ತುದಿಗೂ ಕಾಲಿರುವ ಮಲಗಿದ ಕೊಳವೆ. ಅಂಥದ್ದೇ ಸಿಗುವುದು ಕಡಿಮೆ, ಬೆಲೆಯೂ ಜಾಸ್ತಿ. ಒಂದೇ ಕಡೆ ಎರಡೂ ಕಾಲಿರುವುದು ಹಾಕಬಹುದಾ? ಹೆಚ್ಚು ಮೈಕ್ರೋಫ್ಯಾರಡ್ ಹಾಕಿದರೆ ಬೇಸ್ ಇನ್ನೂ ಚೆನ್ನಾಗುತ್ತದಾ?

ರೀಕ್ಯಾಪ್_ಪ್ರಿಯ

ಹಾಕಬಹುದು. ವೋಲ್ಟೇಜ್ ಹಳೆಯದರಷ್ಟೇ ಅಥವಾ ಒಂದು ಮೆಟ್ಟಿಲು ಮೇಲೆ. 105 ಡಿಗ್ರಿಯದೇ ತಗೊಳ್ಳಿ. 10 ಡಿಗ್ರಿ ತಣ್ಣಗಿದ್ದರೆ ಆಯಸ್ಸು ಸುಮಾರು ಎರಡು ಪಟ್ಟು ಅನ್ನೋದು ಕೆಪಾಸಿಟರ್ ಲೆಕ್ಕ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ಸಿಗದಿದ್ದರೆ ಸ್ವಲ್ಪ ಮೇಲಿನದು. ಎರಡು ಮೂರು ಪಟ್ಟು ಮಾಡಿದರೆ ಆನ್ ಮಾಡಿದಾಗ ಡಯೋಡ್ ಮತ್ತು ಫ್ಯೂಸ್ ಮೇಲೆ ಸುಮ್ನೆ ಹೊರೆ.

ಕಾಲು ಉದ್ದ ಮಾಡಿದರೆ ಅದರ ಮೇಲೆ ಇನ್ಸುಲೇಷನ್ ಸ್ಲೀವ್ ಹಾಕಿ. ಬೋರ್ಡಿಗೆ ಅಂಟಿಸದೆ ಬಿಟ್ಟರೆ ಈ ಪೆಟ್ಟಿಗೆಯ ನಡುಕಕ್ಕೆ ಕಾಲು ಮುರಿಯುತ್ತದೆ. ಹುಳಿ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರ ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದಿರೋದು ತಗೊಳ್ಳಿ. ತಿರುಗಿಸಿ ಹಾಕಿದರೆ ಸಿಡಿಯುತ್ತದೆ. ಹಳೆಯದನ್ನು ತೆಗೆಯುವ ಮೊದಲೇ ಬೋರ್ಡ್ ಮೇಲೆ ಮಾರ್ಕರ್‌ನಿಂದ ಪ್ಲಸ್ ಬರೆಯಿರಿ.

ಹುಬ್ಳಿ_ಹೈಫೈ

ಕೈ ಹಾಕಿದ್ದೀರಿ ಅಂತ ಬೋರ್ಡ್ ಮೇಲಿನ ಟ್ರಿಮ್ಮರ್‌ಗಳನ್ನೆಲ್ಲ (ಹೊಂದಾಣಿಕೆಯ ಪುಟ್ಟ ತಿರುಪುಗಳು) ತಿರುಗಿಸಿ ನೋಡಬೇಡಿ. ಒಂದು ಬಯಾಸ್ ಕರೆಂಟ್‌ಗೆ (ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವ ಕರೆಂಟ್) ಇದ್ದರೆ ಇನ್ನೊಂದು ಫೀಡ್‌ಬ್ಯಾಕ್ ಮಟ್ಟಕ್ಕೆ ಇರಬಹುದು. ಸೆನ್ಸರ್‌ಗೆ ಹೊಂದಿಸಿರೋದನ್ನು ಕಿವಿಯಿಂದ ವಾಪಸ್ ತರೋಕೆ ಆಗೋದಿಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರ್‌ನ ಎಮಿಟರ್ ರೆಸಿಸ್ಟರ್ ಮೇಲಿನ ಮಿಲಿವೋಲ್ಟ್ ಎರಡೂ ಪೆಟ್ಟಿಗೆಯಲ್ಲಿ ಅಳೆದು, ಹತ್ತಿರ ಇದ್ದರೆ ಬಿಟ್ಟುಬಿಡಿ. ಇನ್ನೊಂದು ಮಾತು. ಈಗ ಯುರೋಪಿನಲ್ಲಿ 230 ವೋಲ್ಟ್, ಈ ಸ್ಪೀಕರ್ ಹುಟ್ಟಿದಾಗ 220 ಇತ್ತು. ವೋಲ್ಟೇಜ್ ಆಯ್ಕೆಯಲ್ಲಿ 240 ಇದ್ದರೆ ಅಲ್ಲಿಗೆ ಇಡಿ, ಒಳಗೆ ಬಿಸಿ ಕಡಿಮೆ.

ಮಲ್ನಾಡ್_ಮೈಕ್‌ಸೆಟ್

ನನ್ನ 2.1ರ 4ನೇ ಕಾಲು ಮೈನಸ್ ಸಪ್ಲೈಗೇ ಅಂಟಿಕೊಂಡಿದೆ. ಐಸಿ ಹೋಗಿದೆ ಅಂತಾಯ್ತು. ಬೇರೆ ಚರ್ಚೆ ಶುರು ಮಾಡಿದ್ದೇನೆ, ಅಲೆಮಾರಿಯವರೇ ಬನ್ನಿ.

ಐಂಡ್‌ಹೋವನ್_ಕನ್ನಡಿಗ

ಕೆಪಾಸಿಟರ್ ಹಾಕಿ, ಮೊದಲು ಓವನ್ ಬಲ್ಬ್ ಜೊತೆ, ಆಮೇಲೆ ನೇರ ಹಚ್ಚಿದೆ. ರಿಪಲ್ 50 ಮಿಲಿವೋಲ್ಟ್‌ಗೆ ಇಳಿಯಿತು. ಹಮ್ಮಿಂಗ್ ಇಲ್ಲ. ಎಮಿಟರ್ ರೆಸಿಸ್ಟರ್ ಮೇಲೆ ಎರಡರಲ್ಲೂ ಹತ್ತಿರ ಹತ್ತಿರ ಒಂದೇ, ಟ್ರಿಮ್ಮರ್ ಮುಟ್ಟಿಲ್ಲ. 100 ಹರ್ಟ್ಸ್‌ನಲ್ಲಿ ಎರಡೂ ವೂಫರ್ ತುದಿಯ ವೋಲ್ಟೇಜ್ ಸಮ. ವೋಲ್ಟೇಜ್ ಆಯ್ಕೆ 240ಕ್ಕೆ ಇಟ್ಟಿದ್ದೇನೆ. ಉಳಿದ ಕೆಪಾಸಿಟರ್‌ಗಳನ್ನು ಸದ್ಯಕ್ಕೆ ಹಾಗೇ ಬಿಡುತ್ತೇನೆ.

ಮುಂದಿನ ವರ್ಷ ಬೆಂಗಳೂರಿಗೆ ವಾಪಸ್ ಬರುವ ಯೋಚನೆ ಇದೆ. ಇವು ಅಲ್ಲಿ ನಡೆಯುತ್ತವಾ?

ಓಮ್_ನಿಯಮ

ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬದಲಾಯಿಸಿದರೆ ಸಾಕು. ಆದರೆ ನಮ್ಮಲ್ಲಿ ರಾತ್ರಿ ಹೊತ್ತು ವೋಲ್ಟೇಜ್ ಏರುವ ಬಡಾವಣೆಗಳಿವೆ, ಆಯ್ಕೆ 240ರಲ್ಲೇ ಇರಲಿ. ಸಾಗಿಸುವಾಗ ವೂಫರ್ ಕೋನ್ ಮೇಲೆ ಏನೂ ಒತ್ತದ ಹಾಗೆ ಮುಂದೆ ಗಟ್ಟಿ ಹಲಗೆ ಕಟ್ಟಿ. ಆ ಸೆನ್ಸರ್ ಹೋದರೆ ಹೊಸದು ಸಿಗೋದು ಕಷ್ಟ.

ರೀಕ್ಯಾಪ್_ಪ್ರಿಯ

ಎಲ್ಲ ಸರಿ, ಡ್ರೈ ಸೋಲ್ಡರ್ ವಿಷಯದಲ್ಲಿ ಪಂದ್ಯ ಸೋತೆ. ಆದರೆ ನಿಮ್ಮ ಆ ಒಳ್ಳೆಯ ಸ್ಪೀಕರ್‌ನ ಫಿಲ್ಟರ್ ಕೆಪಾಸಿಟರ್ ಕೂಡ ಅದೇ ವಯಸ್ಸಿನದು, ಅದೇ ಊರಿನದು. ಅದನ್ನಾದರೂ ಬದಲಾಯಿಸ್ತೀರೋ ಇಲ್ವೋ?

ಐಂಡ್‌ಹೋವನ್_ಕನ್ನಡಿಗ

ಎರಡು ತರಿಸಿದ್ದೆ. ಇನ್ನೊಂದನ್ನು ಈ ಶನಿವಾರ ಹಾಕುತ್ತೇನೆ.